ನಮ್ಮ ಮಾವನ ಮೋಟಾರು ಪಂಚಾಯಿತಿ

ನನ್ನ ಸೋದರಮಾವ ತಮ್ಮ ಜೀವಮಾನದಲ್ಲಿ ಎಷ್ಟು ಮೋಟಾರುಗಳನ್ನು ರಿಪೇರಿ ಮಾಡಿದರೋ ನಾನು ಹೇಳಲಾರೆ. ಎಷ್ಟು ಮೋಟಾರುಗಳನ್ನು ವಿಚಾರಣೆಗೆ ಎಳೆದರು ಎಂಬುದಕ್ಕೆ ಮಾತ್ರ ಚನ್ನಗಿರಿಯಿಂದ ಜಗಳೂರಿನವರೆಗೆ ಸಾಕ್ಷಿಗಳಿದ್ದಾರೆ. ಕೆಟ್ಟ ಗಾಡಿಯನ್ನು ಅವರ ಮನೆಯ ಮುಂದೆ ತಂದು ನಿಲ್ಲಿಸುವುದೂ ಒಂದೇ, ಕೋರ್ಟಿನಲ್ಲಿ ದಾವೆ ಹೂಡುವುದೂ ಒಂದೇ. ಎರಡು ಕಡೆಯೂ ನ್ಯಾಯ ಸಿಗುತ್ತದೆ. ಯಾವಾಗ ಎಂದು ಮಾತ್ರ ಕೇಳಬಾರದು!

ಅವರ ಈ ನ್ಯಾಯದ ಚಾಳಿಯಿಂದ ಒಂದು ಬೆಳಗ್ಗೆ ನನ್ನ ಬಿ.ಎ. ಪರೀಕ್ಷೆಯೇ ಕೈತಪ್ಪಿ ಹೋಗುವುದರಲ್ಲಿತ್ತು. ಆದರೆ ಅದನ್ನು ಹೇಳುವ ಮೊದಲು ಮಾವನ ಪರಿಚಯ ಮಾಡಿಕೊಡಬೇಕು. ಇಲ್ಲದಿದ್ದರೆ ನೀವು ಅವರನ್ನು ಬೈಯುತ್ತೀರಿ. ಬೈಯುವ ಹಕ್ಕು ನಮ್ಮ ಅತ್ತೆಯದು. ಅವರು ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ.

ಮಾವನ ಮನೆ ಇದ್ದದ್ದು ನ್ಯಾಮತಿಯಲ್ಲಿ, ಶಿವಮೊಗ್ಗದ ರಸ್ತೆಯ ಮಗ್ಗುಲಿಗೆ. ಮನೆಯ ಮುಂದೆ ಒಂದು ಬೇವಿನ ಮರ. ಅದರ ಕೆಳಗೆ ಅವರ ಕಾರ್ಖಾನೆ. ಕಾರ್ಖಾನೆ ಎಂದರೆ ಗೋಡೆ, ಸೂರು, ಬಾಗಿಲು ಏನೂ ಇಲ್ಲ. ಒಂದು ಹರಿದ ಜಮಖಾನ, ಅಷ್ಟೆ. ಮಾವನ ತಂದೆ ಊರಿನ ಪಂಚರಲ್ಲಿ ಒಬ್ಬರಾಗಿದ್ದವರು. ಅವರು ಕೂತು ನ್ಯಾಯ ಹೇಳುತ್ತಿದ್ದ ಜಮಖಾನ ಮಾವನ ಪಾಲಿಗೆ ಬಂತು. ಜಮಖಾನದ ಜೊತೆ ನ್ಯಾಯ ಹೇಳುವ ಚಟವೂ ಬಂತು. ಊರಿನ ಜನ ತಮ್ಮ ಜಗಳಗಳನ್ನು ಹೊನ್ನಾಳಿ ಕಚೇರಿಗೆ ಒಯ್ಯಲು ಕಲಿತಿದ್ದರಿಂದ ಮಾವನಿಗೆ ಉಳಿದದ್ದು ಮೋಟಾರುಗಳೇ.

ಗಾಡಿ ಬಂದ ಕೂಡಲೆ ಮಾವ ಅದರ ಒಂದೊಂದೇ ಭಾಗವನ್ನು ಬಿಚ್ಚಿ ಜಮಖಾನದ ಮೇಲೆ ತಂದು ಕೂರಿಸುತ್ತಿದ್ದರು. ಒರೆಸಿ, ಊದಿ, ಬೆಳಕಿಗೆ ಹಿಡಿದು ನೋಡುವರು. ದೋಷ ಕಂಡರೆ ಎಡಗಡೆ, ದೋಷವಿಲ್ಲ ಎಂದು ಖಾತ್ರಿಯಾದರೆ ಬಲಗಡೆ ಇಡುವರು. ಬಲಗಡೆ ಇಡುವಾಗ ಮೆಲ್ಲಗೆ ಹೇಳುವರು: "ನಿನ್ನ ತಪ್ಪಿಲ್ಲ ಬಿಡಪ್ಪ. ಸುಮ್ನೆ ತ್ರಾಸು ಕೊಟ್ಟೆ." ಇದನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಒಂದು ಪ್ಲಗ್ಗಿನ ಕ್ಷಮೆ ಕೇಳುವ ಮನುಷ್ಯನನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಅವರದು ಎರಡು ಕಟ್ಟಳೆ. ಸಾಕ್ಷಿ ಇಲ್ಲದೆ ಯಾವ ಭಾಗವನ್ನೂ ಕೆಟ್ಟಿದೆ ಅನ್ನಬಾರದು ಎಂಬುದು ಒಂದು. ಇನ್ನೊಂದು, ಎಲ್ಲರೂ ಯಾರ ಮೇಲೆ ಅನುಮಾನ ಪಡುತ್ತಾರೋ ಅವನನ್ನು ಕೊನೆಗೆ ಕರೆಯಬೇಕು. "ಮೊದ್ಲೇ ಕರದ್ರೆ ಅವನೇ ಕಳ್ಳ ಆಗಿಬಿಡ್ತಾನೆ" ಎನ್ನುತ್ತಿದ್ದರು. ಈ ಎರಡನೆಯ ಕಟ್ಟಳೆಯೇ ನನ್ನನ್ನು ಆಮೇಲೆ ಹುರಿದದ್ದು.

ಕೆರೆಬಿಳಚಿಯ ಒಬ್ಬ ಅಡಿಕೆ ಸಾಹುಕಾರರ ಕಾರು ಒಮ್ಮೆ ಎತ್ತಿನ ಹಿಂದೆ ಕಟ್ಟಿಸಿಕೊಂಡು ಬಂತು. ಪೇಟೆಯ ಮೇಸ್ತ್ರಿಯೊಬ್ಬ ದೂರದಿಂದಲೇ ನೋಡಿ ಕಾರ್ಬೊರೇಟರು ಹೋಗಿದೆ, ಹೊಸದು ತರಿಸಬೇಕು ಎಂದಿದ್ದನಂತೆ. ಆ ಕಾಲದಲ್ಲಿ ಪೇಟೆಯ ಮೇಸ್ತ್ರಿಗಳಿಗೆ ಕಾರ್ಬೊರೇಟರಿನ ಮೇಲೆ ಅದೇನು ಪ್ರೀತಿಯೋ. ಹೆಸರು ಉದ್ದವಾಗಿತ್ತು, ಕೇಳಿದವರು ಹೆದರುತ್ತಿದ್ದರು, ಅದಕ್ಕೇ ಇರಬೇಕು. ಮಾವ ಬೆಳಗಿನಿಂದ ಕೂತು ಕಾರನ್ನೆಲ್ಲ ಜಮಖಾನಕ್ಕೆ ಇಳಿಸಿದರು. ಎಲ್ಲವೂ ಬಲಗಡೆಗೇ ಹೋಯಿತು. ಎಡಗಡೆ ಖಾಲಿ. ಸಾಹುಕಾರರ ಮುಖ ಬಾಡಿತು.

"ಹಂಗಾದ್ರೆ ಏನಾಗೈತೆ ಮೇಸ್ತ್ರಿ ನನ್ನ ಕಾರಿಗೆ?"

"ಏನೂ ಆಗಿಲ್ರಿ. ಹೊಟ್ಟೆ ಹಸದೈತೆ."

ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆ ಇತ್ತು, ಪೆಟ್ರೋಲು ಇರಲಿಲ್ಲ. ಸಾಹುಕಾರರು ತಮ್ಮ ಡ್ರೈವರನ ಕಡೆ ತಿರುಗುವ ಹೊತ್ತಿಗೆ ಅವನು ನೀರು ಕುಡಿದು ಬರುತ್ತೇನೆಂದು ಹೋದವನು, ಎಲ್ಲಿಯ ನೀರು ಕುಡಿಯಲು ಹೋದನೋ, ತಿರುಗಿ ಬರಲೇ ಇಲ್ಲ.

ಇನ್ನೊಮ್ಮೆ ಜಗಳೂರಿನಿಂದ ಬುಲಾವು ಬಂತು. ಅಲ್ಲೊಂದು ಲಾರಿ ಬಿಳಿಚೋಡಿನ ಹತ್ತಿರ ಹೊಲದ ಬದಿಗೆ ನಿಂತುಬಿಟ್ಟಿತ್ತು. ಮಾವ ಬಸ್ಸು ಹತ್ತಿ, ಎತ್ತಿನ ಗಾಡಿ ಹತ್ತಿ, ಉಳಿದದ್ದನ್ನು ನಡೆದು ಅಲ್ಲಿಗೆ ಮುಟ್ಟಿದರು. ಜಮಖಾನವನ್ನೂ ಹೊತ್ತುಕೊಂಡೇ ಹೋಗಿದ್ದರು. ಎಲ್ಲ ನೋಡಿ ಕೊನೆಗೆ ಲಾರಿಯ ಯಜಮಾನನಿಗೆ "ನಂಗೆ ಗೊತ್ತಾಗ್ಲಿಲ್ರಿ" ಎಂದು ಹೇಳಿ, ಕೂಲಿ ಬೇಡವೆಂದು, ಊರಿಗೆ ಬಂದರು. ಅತ್ತೆ ಬಾಗಿಲಲ್ಲೇ ಕೇಳಿದರು.

"ಏನಾಗಿತ್ರಿ ಲಾರಿಗೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕೆ ಜಗಳೂರಿಗೆ ಹೋಗಬೇಕಿತ್ತೇನು? ಇಲ್ಲೇ ಕಟ್ಟೆ ಮ್ಯಾಲೆ ಕುಂತ್ಕಂಡು ಅನ್ನಬಹುದಿತ್ತಲ್ಲ?"

ಮಾವ ಕಾಲು ತೊಳೆಯುತ್ತ ಗಂಭೀರವಾಗಿ ಹೇಳಿದರು: "ನೋಡ್ದೆ ಗೊತ್ತಿಲ್ಲ ಅನ್ನೋದು ಬ್ಯಾರೆ ಕಣೇ. ನೋಡಿ ಗೊತ್ತಿಲ್ಲ ಅನ್ನೋದು ಬ್ಯಾರೆ."

ಇಷ್ಟು ಹೇಳಿದರೆ ಮಾವ ಎಂಥವರು ಎಂದು ನಿಮಗೆ ಗೊತ್ತಾಗಿರಬೇಕು. ಇನ್ನು ನನ್ನ ಪರೀಕ್ಷೆಗೆ ಬರುತ್ತೇನೆ.

ನಮ್ಮದು ಸೂರಗೊಂಡನಕೊಪ್ಪದ ಆಚೆಗಿನ ಒಂದು ಹಳ್ಳಿ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದವನು ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದಿಗಾಗಿ ನಾನು ಯಾರ ಮನೆಯ ಜಗುಲಿಯ ಮೇಲೆ ಮಲಗಿದೆ, ಯಾರ ಮನೆಯಲ್ಲಿ ವಾರಾನ್ನ ಉಂಡೆ ಎಂಬುದು ನನಗೆ ಗೊತ್ತು. ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಬಿ.ಎ. ಓದುತ್ತಿದ್ದೆ. ಆ ನಿಲಯದ ನಿಯಮ ಸರಳ: ಪರೀಕ್ಷೆ ತಪ್ಪಿದವನಿಗೆ ಮರುವರ್ಷ ಜಾಗವಿಲ್ಲ. ಜಾಗವಿಲ್ಲದಿದ್ದರೆ ಊಟವಿಲ್ಲ, ಊಟವಿಲ್ಲದಿದ್ದರೆ ಮೈಸೂರಿಲ್ಲ, ಮೈಸೂರಿಲ್ಲದಿದ್ದರೆ ನಾನು ಊರಿಗೆ ಬಂದು ನೇಗಿಲ ಹಿಂದೆ ನಿಲ್ಲಬೇಕು.

ಕೊನೆಯ ವರ್ಷದ ಪರೀಕ್ಷೆ ಹತ್ತಿರವಿದ್ದಾಗ ಅಪ್ಪನಿಗೆ ಚಳಿಜ್ವರ ಜೋರಾಗಿದೆ ಎಂದು ಸುದ್ದಿ ಬಂತು. ಓಡಿ ಬಂದೆ. ಅಪ್ಪ ಎದ್ದು ಕೂತು ಗಂಜಿ ಕುಡಿದದ್ದನ್ನು ನೋಡಿ ಹೊರಡುವ ವೇಳೆಗೆ ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಸಂಜೆ ನಡೆದು ನ್ಯಾಮತಿಗೆ ಬಂದು ಮಾವನ ಮನೆಯಲ್ಲಿ ಉಳಿದೆ. ಮರುದಿನ ಬೆಳಗ್ಗೆ ಅಲ್ಲಿಂದ ಬಸ್ಸು, ಮಧ್ಯಾಹ್ನ ಶಿವಮೊಗ್ಗದಿಂದ ರೈಲು. ಆ ರೈಲು ತಪ್ಪಿದರೆ ಮೊದಲ ಪತ್ರಿಕೆ ತಪ್ಪಿತು. ಮೊದಲ ಪತ್ರಿಕೆ ತಪ್ಪಿದರೆ ಎಲ್ಲವೂ ತಪ್ಪಿತು.

ಅದು ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು. ಬಸ್ಸಿನವರು ಪೆಟ್ರೋಲಿನ ಆಸೆ ಬಿಟ್ಟು ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ ಕಟ್ಟಿಕೊಂಡಿದ್ದರು. ಅದರೊಳಗೆ ಇದ್ದಿಲು ತುಂಬಿ, ಕೆಂಡ ಸುರಿದು, ಪಕ್ಕದ ಫ್ಯಾನನ್ನು ಕೈಯಿಂದ ತಿರುವಿದರೆ ಒಂದು ಹೊಗೆ ಏಳುವುದು. ಆ ಹೊಗೆ ಕೊಳವೆಯ ಮೂಲಕ ಎಂಜಿನ್ನಿಗೆ ಹೋಗಿ ಬಸ್ಸು ಓಡುವುದು. ಜನ ಅದನ್ನು ಇದ್ದಿಲು ಬಸ್ಸು ಎನ್ನುತ್ತಿದ್ದರು. ಏರು ಬಂದರೆ ಕೆಮ್ಮುವುದು, ನಿಂತರೆ ಮತ್ತೆ ಉಸಿರು ಹಿಡಿಯಲು ಬಹಳ ಹೊತ್ತು ಬೇಕಾಗುವುದು. ನಮ್ಮ ಅಜ್ಜಂದಿರ ಹಾಗೆ!

ಆ ಬಸ್ಸು ರಾತ್ರಿ ತಂಗುತ್ತಿದ್ದದ್ದು ಮಾವನ ಬೇವಿನ ಮರದ ಕೆಳಗೇ. ಬಸ್ಸಿನ ಮಾಲೀಕರೇ ಅದನ್ನು ಓಡಿಸುತ್ತಿದ್ದವರು. ದಪ್ಪ ರುಮಾಲಿನ, ಮುಂಗೋಪದ ಮನುಷ್ಯ. ಬೆಳಗ್ಗೆ ಅವರು ಅತ್ತೆಯ ಒಲೆಯಿಂದಲೇ ಕೆಂಡ ತಂದು ಪೀಪಾಯಿಗೆ ಸುರಿದರು. ನಾನು ಫ್ಯಾನು ತಿರುವಿದೆ. ಅವರು ಹ್ಯಾಂಡಲು ಹಾಕಿ ಎಂಜಿನ್ನು ಸುತ್ತಿದರು. ಗರ್, ಗರ್, ಅಂತ ಒಂದೆರಡು ಸಲ ಗದ್ದಲ ಮಾಡಿ ಸುಮ್ಮನಾಯಿತು. ಮತ್ತೆ ಸುತ್ತಿದರು. ಮತ್ತೆ ಸುಮ್ಮನೆ. ಪ್ರಯಾಣಿಕರು ಇಳಿದು ಬಂದು ಸುತ್ತ ನಿಂತರು.

"ಇದ್ದಿಲು ಹಸಿ ಐತೆ" ಎಂದರು ಮಾಲೀಕರು. ಎಂದವರೇ ಒಬ್ಬ ಮುದುಕನ ಕಡೆ ತಿರುಗಿದರು. ಅವನು ಚನ್ನಗಿರಿ ಕಡೆಯಿಂದ ಇದ್ದಿಲು ಸುಟ್ಟು ತಂದು ಈ ಬಸ್ಸಿಗೆ ಹಾಕುವವನು. ಹಿಂದಿನ ದಿನವೇ ಮೂಟೆ ಇಳಿಸಿ, ಶಿವಮೊಗ್ಗಕ್ಕೆ ಹೋಗಲೆಂದು ಅದೇ ಬಸ್ಸಿಗೆ ಕಾದಿದ್ದ.

"ತೂಕಕ್ಕೆ ನೀರು ಹೊಡದೀಯ, ಹೌದಲ್ಲೋ?"

"ಇಲ್ರಿ ಸಾವ್ಕಾರ್ರೆ. ನನ್ನ ಮಕ್ಕಳಾಣೆಗೂ ಇಲ್ರಿ."

"ನಿನ್ನ ಇದ್ದಿಲು ಇನ್ನು ಮುಟ್ಟಾಕಿಲ್ಲ. ಹೋಗ್ ನೀನು."

ಸುತ್ತ ನಿಂತವರೆಲ್ಲ ಮುದುಕನನ್ನೇ ನೋಡಿದರು. ಒಬ್ಬಿಬ್ಬರು ತಮ್ಮ ಕಾಲದಲ್ಲಿ ಇದ್ದಿಲು ಎಷ್ಟು ಚೆನ್ನಾಗಿ ಉರಿಯುತ್ತಿತ್ತು, ಈಗ ಹೇಗೆ ಎಲ್ಲರೂ ಕೆಟ್ಟುಹೋದರು ಎಂದು ಮಾತು ಶುರುಮಾಡಿದರು. ಅಷ್ಟರಲ್ಲಿ ಒಳಗಿನಿಂದ ಮಾವ ಜಮಖಾನ ಹಿಡಿದುಕೊಂಡು ಬಂದರು. ಜಮಖಾನ ಕಂಡ ಕೂಡಲೆ ನನ್ನ ಎದೆ ಧಸಕ್ಕೆಂದಿತು.

"ಮಾವ, ಇದ್ದಿಲು ಮೊದ್ಲು ನೋಡಿಬಿಡ್ರಿ. ನಂಗೆ ರೈಲು ಐತೆ."

"ಎಲ್ಲಾರೂ ಇದ್ದಿಲು ಅಂತಿದಾರಲ್ಲ. ಹಂಗಾದ್ರೆ ಇದ್ದಿಲು ಕಡೀಗೆ" ಎಂದು ಮಾವ ಜಮಖಾನ ಕೊಡವಿ ಹಾಸಿದರು. ಎಲ್ಲಿ ಹಾಸಿದರು ಅಂತೀರಿ? ಬಸ್ಸಿನ ಮೂತಿಯ ಮುಂದೆ! ಇದ್ದಿಲಿರುವುದು ಬಾಲದಲ್ಲಿ.

ಪ್ಲಗ್ಗುಗಳು ಬಂದವು. ಒಂದೊಂದನ್ನೂ ಒರೆಸಿದರು. "ನಿನ್ನ ತಪ್ಪಿಲ್ಲ ಬಿಡಪ್ಪ." ತಂತಿಗಳು ಬಂದವು. ಕಿಡಿ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ಮಾವ ತಂತಿಯ ತುದಿಯನ್ನು ಮಾಲೀಕರ ಕೈಗೆ ಕೊಟ್ಟರು.

"ನಾನು ಹೇಳಿದ್ರೆ ನಂಬ್ತೀರೋ ಇಲ್ವೋ. ನೀವೇ ಹಿಡೀರಿ."

ನಾನು ಹ್ಯಾಂಡಲು ತಿರುವಿದೆ. ಮಾಲೀಕರು "ಯಪ್ಪಾ" ಎಂದು ಕುಪ್ಪಳಿಸಿದರು. ರುಮಾಲು ಹಾರಿ ಕೋಳಿಬುಟ್ಟಿಯ ಮೇಲೆ ಬಿತ್ತು. ಕೋಳಿಬುಟ್ಟಿ ಸವಳಂಗಕ್ಕೆ ಹೊರಟಿದ್ದ ಒಬ್ಬ ಅಜ್ಜಿಯದು. ಮಾವ ಶಾಂತವಾಗಿ "ಕಿಡಿ ಐತೆ, ಸಾಕ್ಷಿ ಒಪ್ಕಂಡ್ರು" ಎಂದು ತಂತಿಯನ್ನು ಬಲಗಡೆ ಇಟ್ಟರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಹತ್ತಿರ ಗಡಿಯಾರವಿರಲಿಲ್ಲ. ಬೇವಿನ ಮರದ ನೆರಳೇ ಗಡಿಯಾರ. ಅದು ರಸ್ತೆಯಾಚೆಯಿಂದ ಜಮಖಾನದ ಅಂಚಿಗೆ ಬಂದಿತ್ತು. ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು, ಮಕ್ಕಳ ಪ್ರಾರ್ಥನೆ ಕೇಳಿಸಿತು. ಜಮಖಾನದ ಮೇಲೆ ಒಂದೊಂದು ಭಾಗ ಬಂದು ಕೂತಂತೆ ನನ್ನ ತಲೆಯಿಂದ ಚರಿತ್ರೆಯ ಒಂದೊಂದು ಅಧ್ಯಾಯ ಎದ್ದು ಹೋಗುತ್ತಿತ್ತು. ಕಾರ್ಬೊರೇಟರು ಬಂದಾಗ ಮೊಗಲರು ಹೋದರು. ಅದರ ಮುಚ್ಚಳ ತೆಗೆಯುವಾಗ ಮರಾಠರೂ ಹೋದರು. ಕಣ್ಣು ಮುಚ್ಚಿ ಒಂದು ಇಸವಿ ನೆನಪು ಮಾಡಿಕೊಳ್ಳಲು ನೋಡಿದೆ. ಕಂಡದ್ದು ಅಪ್ಪ, ಕಂಬಳಿ ಹೊದ್ದು, ಗಂಜಿಯ ತಟ್ಟೆ ಹಿಡಿದುಕೊಂಡು.

"ನಡೆದು ಹೋಗ್ಲೇನು ಮಾವ?"

"ನಡದ್ರೆ ರಾತ್ರಿ ಮುಟ್ತೀಯ. ಬಸ್ಸು ಹೊಂಟ್ರೆ ರೈಲು ಸಿಗ್ತೈತೆ."

"ಹೊರಡುತ್ತಾ?"

"ಗೊತ್ತಿಲ್ಲ."

ಬೇರೆ ಯಾರಾದರೂ ಆಗಿದ್ದರೆ "ಈಗ ಹೊರಡುತ್ತೆ, ಈಗ" ಎಂದು ಸಮಾಧಾನವನ್ನಾದರೂ ಹೇಳುತ್ತಿದ್ದರು. ಇವರ ಬಾಯಲ್ಲಿ ಅದೂ ಇಲ್ಲ. ಕೋಳಿಬುಟ್ಟಿಯ ಅಜ್ಜಿ ನನ್ನ ಮುಖ ನೋಡಿ ಲೊಚಗುಟ್ಟಿದಳು.

"ಈ ಬಸ್ಸಿಗಿಂತ ನನ್ನ ಕೋಳಿನೇ ಮುಂಚೆ ಹೋಗ್ತಿದ್ವು. ಯಾಕಪ್ಪ ಹಂಗ್ ಬೆವತಿದೀಯ?"

ಪರೀಕ್ಷೆಯ ವಿಷಯ ಹೇಳಿದೆ. ಅಜ್ಜಿ ಅದನ್ನು ಎಲ್ಲರಿಗೂ ಹೇಳಿದಳು. ಈಗ ನನ್ನ ಭಯ ಇಡೀ ಬಸ್ಸಿನ ಭಯವಾಯಿತು. ಎಲ್ಲರೂ ಮಾವನನ್ನು ಅವಸರ ಮಾಡತೊಡಗಿದರು. ಮಾವ ತಲೆ ಎತ್ತಲಿಲ್ಲ. ಕಾರ್ಬೊರೇಟರು ಬಲಗಡೆಗೆ ಹೋಯಿತು. ಕೊಳವೆಗಳು ಬಲಗಡೆಗೆ ಹೋದವು. ಎಡಗಡೆ ಖಾಲಿ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ಕೈ ಒರೆಸಿಕೊಂಡು, ಮಾವ ಕಡೆಗೂ ಬಸ್ಸಿನ ಹಿಂದಕ್ಕೆ ನಡೆದರು. ಮುದುಕ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮಾವ ಮೂಟೆಯಿಂದ ಒಂದು ತುಂಡು ಇದ್ದಿಲು ತೆಗೆದು ಮುರಿದರು. ಟಣ್ ಎಂದು ಮುರಿಯಿತು. ಕೆನ್ನೆಗೆ ಒತ್ತಿ ನೋಡಿದರು.

"ಒಣಗೈತೆ. ಇದರ ತಪ್ಪಿಲ್ಲ."

"ಮತ್ತೆ ಯಾರದ್ರೀ?" ಎಂದು ಮಾಲೀಕರು ಗುಡುಗಿದರು.

ಮಾವ ಪೀಪಾಯಿಯ ಕೆಳಗೆ ತೂರಿದರು. ದೀಪ ಹಿಡಿಯಲು ನನ್ನನ್ನೂ ಎಳೆದುಕೊಂಡರು. ಪೀಪಾಯಿಯ ಬುಡದಲ್ಲಿ, ಒಳಮಗ್ಗುಲಿಗೆ, ಬೆಂಕಿಗೆ ಗಾಳಿ ಹೋಗಲು ಮುಷ್ಟಿಯಷ್ಟು ಒಂದು ಕಂಡಿ ಇರುತ್ತದೆ. ಕಂಡಿ ಕಾಣಲಿಲ್ಲ. ಅದಿರಬೇಕಾದ ಕಡೆ ದುಂಡಗೆ ಒಂದು ಕುಳ್ಳು ಅಂಟಿಕೊಂಡಿತ್ತು. ಒಲೆಗೆ ಉರಿಸುವ ಸಗಣಿಯ ಕುಳ್ಳು. ಅದರ ನಡುವೆ ಐದು ಬೆರಳಿನ ಗುರುತು ಸ್ಪಷ್ಟವಾಗಿತ್ತು. ಕಿರುಬೆರಳಿನ ಗುರುತು ಸ್ವಲ್ಪ ಸೊಟ್ಟಗೆ.

ನಮ್ಮಿಬ್ಬರಿಗೂ ಆ ಕಿರುಬೆರಳು ಗೊತ್ತಿತ್ತು. ಅದು ನಮಗೆ ರೊಟ್ಟಿ ತಟ್ಟುವ ಕಿರುಬೆರಳು.

ಸಂಜೆ ಬಂದು ನಿಂತ ಬಸ್ಸಿನ ಪೀಪಾಯಿ ಬಿಸಿಯಾಗಿತ್ತು. ಬಿಸಿ ಕಬ್ಬಿಣ ಅಷ್ಟು ಅಗಲಕ್ಕೆ ಸುಮ್ಮನೆ ನಿಂತಿದ್ದರೆ ಸಂಸಾರ ಮಾಡುವ ಹೆಂಗಸು ನೋಡಿಕೊಂಡು ಇರಲಾದೀತೇ? ಅತ್ತೆ ಅದರ ಸುತ್ತ ಕುಳ್ಳು ತಟ್ಟಿದ್ದರು. ನಸುಕಿನಲ್ಲಿ ಎಲ್ಲವನ್ನೂ ಬಿಡಿಸಿಕೊಂಡು ಹೋಗಿದ್ದರು. ಇದೊಂದು ಮರೆಯಲ್ಲಿತ್ತು, ಕೈಗೆ ಸಿಕ್ಕಿರಲಿಲ್ಲ.

ಮಾವ ಕುಳ್ಳನ್ನು ಕಿತ್ತರು. ಗಾಳಿ ನುಗ್ಗಿದ ಸದ್ದು ಕೇಳಿಸಿತು. ಒಳಗೆ ಬೂದಿ ಮುಚ್ಚಿ ಮಲಗಿದ್ದ ಕೆಂಡ ನಿಧಾನವಾಗಿ ಕೆಂಪಾಯಿತು.

"ಮಾವ, ಅದನ್ನ ಆ ಕಡೆ ಎಸೀರಿ. ಹತ್ತಿ ಹೊರಟುಬಿಡೋಣ" ಎಂದು ನಾನು ಪಿಸುಗುಟ್ಟಿದೆ. ಯಾರೂ ನೋಡಿರಲಿಲ್ಲ. ಏನೋ ಒಂದು ಉದ್ದನೆಯ ಹೆಸರು ಹೇಳಿದ್ದರೆ ಸಾಕಿತ್ತು, ಮಾಲೀಕರು ಕೈಮುಗಿಯುತ್ತಿದ್ದರು.

"ಹೊರಗೆ ಆ ಮುದುಕ ನಿಂತಾನಲ್ಲೋ" ಎಂದರು ಮಾವ. ಅಷ್ಟೇ ಹೇಳಿ ಹೊರಗೆ ತೆವಳಿದರು.

ಎಲ್ಲರ ಮುಂದೆ ಕುಳ್ಳನ್ನು ಎತ್ತಿ ಹಿಡಿದರು. "ಸಾವ್ಕಾರ್ರೆ, ಗಾಳಿಕಂಡಿ ಮುಚ್ಚಿತ್ತು. ಇದು ನಮ್ಮ ಮನೆ ಕುಳ್ಳು. ನಮ್ಮ ಮನೆಯಾಕೆ ಕೈ. ಇವನ ಇದ್ದಿಲು ಚಲೋ ಐತೆ. ತಪ್ಪು ನಮ್ಮದು."

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಹೌದು, ನಾನೇ ತಟ್ಟಿದ್ದು. ನಮ್ಮ ಅಂಗಳದಾಗೆ ನಿಂತೈತೆ, ನಮ್ಮ ಒಲಿ ಕೆಂಡ ತಿಂತೈತೆ. ಆ ಕೆಂಡ ಆಗೋದು ಯಾತರಿಂದ? ಕುಳ್ಳಿಂದ. ಹಂಗಾದ್ಮೇಲೆ ನಾಕು ಕುಳ್ಳು ಒಣಗಿಸಿಕೊಟ್ರೆ ಬಸ್ಸಿಗೆ ಗಂಟೇನು ಹೋಗ್ತೈತೆ?"

ಮೊದಲು ನಕ್ಕವಳು ಕೋಳಿಬುಟ್ಟಿಯ ಅಜ್ಜಿ. ಆಮೇಲೆ ಎಲ್ಲರೂ ನಕ್ಕರು. ಮಾಲೀಕರು ನಗಬಾರದೆಂದು ಬಹಳ ಪ್ರಯತ್ನಪಟ್ಟು, ಸೋತು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡರು. ಇದ್ದಿಲಿನ ಮುದುಕ ಮಾತ್ರ ನಗಲಿಲ್ಲ. ಮಾವನ ಕೈಯಲ್ಲಿದ್ದ ಕುಳ್ಳನ್ನೇ ನೋಡುತ್ತ ನಿಂತಿದ್ದ.

"ತಪ್ಪು ಒಪ್ಕಂಡ ಮ್ಯಾಲೆ ದಂಡ ಬ್ಯಾಡ್ವೇನು?" ಎಂದಳು ಅಜ್ಜಿ. "ಮೇಸ್ತ್ರಿ ಹಿಂದೆ ನಿಂತ್ಕಂಡು ಶಿವಮೊಗ್ಗದ ತನಕ ಬೆಂಕಿ ಕಾಯ್ಲಿ. ಸಾವ್ಕಾರ್ರು ನಡುವೆ ಎಲ್ಲೂ ನಿಲ್ಲಿಸಬ್ಯಾಡ್ರಿ. ನಿಂತ್ರೆ ಈ ಬಸ್ಸು ಏಳಾಕಿಲ್ಲ."

"ನೀನು ಸವಳಂಗದಾಗೆ ಇಳಿಯೋಳಲ್ಲೇನಜ್ಜಿ?" ಎಂದರು ಮಾಲೀಕರು.

"ಬರ್ತಾ ಇಳೀತೀನಿ ಬಿಡು. ಕೋಳಿಗಳು ಶಿವಮೊಗ್ಗ ನೋಡಿಲ್ಲ."

ಸವಳಂಗದವರು ಇನ್ನೂ ಮೂವರಿದ್ದರು. ಅವರೂ ಹೂಂ ಎಂದರು. ಇದ್ದಿಲಿನ ಮುದುಕ ಪಂಚೆ ಎತ್ತಿ ಕಟ್ಟಿ ಹಿಂದಿನ ಏಣಿಯ ಮೇಲೆ ಮಾವನ ಪಕ್ಕದಲ್ಲಿ ನಿಂತ. "ಬೆಂಕಿ ನಂಗೆ ಬಿಡ್ರಿ ಮೇಸ್ತ್ರಿ. ಅದು ನನ್ನ ಮಾತು ಕೇಳ್ತೈತೆ" ಎಂದ.

ಬಸ್ಸು ಹೊರಟಿತು. ಆ ದಾರಿಯನ್ನು ನಾನು ಹೇಗೆ ಕಳೆದೆನೋ. ಪ್ರತಿ ಏರಿನಲ್ಲೂ ಸೀಟನ್ನು ಕೈಯಿಂದ ಹಿಡಿದು ಮುಂದಕ್ಕೆ ತಳ್ಳುತ್ತಿದ್ದೆ, ಅದರಿಂದ ಬಸ್ಸಿಗೆ ಸಹಾಯವಾಗುತ್ತದೆ ಎಂಬಂತೆ. ಸವಳಂಗದಲ್ಲಿ ಕೈಯೊಡ್ಡಿ ನಿಂತವರನ್ನು ದಾಟಿ ಹೋದಾಗ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹಾಕಿ "ಪರೀಕ್ಷೆ, ಪರೀಕ್ಷೆ" ಎಂದು ಕೂಗಿದರು. ಅವರಿಗೆ ಏನು ಅರ್ಥವಾಯಿತೋ. ಒಂದು ಏರಿನಲ್ಲಿ ಎಂಜಿನ್ನು ಕೆಮ್ಮಿತು, ಇನ್ನೇನು ನಿಂತಿತು ಎನ್ನುವಾಗ ಹಿಂದಿನಿಂದ ಕೋಲಿನಲ್ಲಿ ಇದ್ದಿಲು ಕದಡಿದ ಸದ್ದು ಬಂತು. ಮುದುಕ ಅದಕ್ಕೆ ಏನು ಹೇಳಿದನೋ, ಬಸ್ಸು ಏರು ದಾಟಿತು.

ಸ್ಟೇಷನ್ನಿಗೆ ಮುಟ್ಟಿದಾಗ ರೈಲು ನಿಂತಿತ್ತು, ಗಾರ್ಡು ಬಾವುಟ ಬಿಚ್ಚುತ್ತಿದ್ದ. ಮಾವ ನನ್ನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಓಡಿದರು. ಅವರ ಹಿಂದೆ ನಾನು. ಡಬ್ಬಿಯೊಳಗೆ ಪೆಟ್ಟಿಗೆ ನೂಕಿ, ನನ್ನನ್ನು ಮೊಣಕೈಯಿಂದ ಒಳಕ್ಕೆ ತಳ್ಳಿದರು. ಅವರ ಅಂಗೈ ಮಸಿಯಾಗಿತ್ತು, ನನ್ನ ಮೈಮೇಲಿದ್ದದ್ದು ನನಗಿದ್ದ ಒಂದೇ ಬಿಳಿ ಅಂಗಿ. ಅವರ ಮುಖವೂ ಪೂರ್ತಿ ಕಪ್ಪು. ಕಣ್ಣೆರಡು ಮಾತ್ರ ಮಾವನವು ಎಂದು ಗುರುತು ಸಿಗುತ್ತಿತ್ತು.

ರೈಲು ಅಲುಗಿತು. ಬೆಳಗಿನಿಂದ ಹೊಟ್ಟೆಯಲ್ಲಿ ಅದುಮಿಟ್ಟುಕೊಂಡಿದ್ದ ಮಾತು ಬಾಯಿಗೆ ಬಂದುಬಿಟ್ಟಿತು.

"ಮಾವ, ಓದಿದ್ದೆಲ್ಲ ಮರೆತುಹೋಗೈತೆ. ಪಾಸಾಗ್ತೀನಾ?"

ಊರಿನಲ್ಲಿ ಎಲ್ಲರೂ "ನೀನಾಗದೆ ಇನ್ಯಾರು ಪಾಸಾಗ್ತಾರೆ" ಎಂದೇ ಬೆನ್ನು ತಟ್ಟಿ ಕಳಿಸಿದ್ದರು. ಆ ಮಾತು ಕೇಳಿದಷ್ಟೂ ನನ್ನ ಭಯ ಹೆಚ್ಚಿತ್ತು. ಮಾವ ಕಿಟಕಿಯ ಜೊತೆ ನಡೆಯುತ್ತ ನನ್ನನ್ನೇ ನೋಡಿದರು.

"ಗೊತ್ತಿಲ್ಲ ಕಣಪ್ಪ" ಎಂದರು. ಆಮೇಲೆ ನಡಿಗೆ ಜೋರು ಮಾಡಿ, ಕಿಟಕಿಯ ಸರಳು ಹಿಡಿದು ಹೇಳಿದರು: "ಫೇಲಾದ್ರೆ ನೆಟ್ಟಗೆ ನಮ್ಮನಿಗೆ ಬಾ. ಅಪ್ಪನ ಮುಂದೆ ಒಬ್ಬನೇ ಹೋಗಬ್ಯಾಡ. ಎಲ್ಲಿ ತಪ್ಪಾತು ಅಂತ ಇಬ್ಬರೂ ಕುಂತು ನೋಡಾನ."

ಪ್ಲಾಟ್‌ಫಾರಂ ಮುಗಿಯಿತು. ಅವರು ಅಲ್ಲೇ ನಿಂತರು. ನಾನು ಸೀಟಿನ ಮೇಲೆ ಕೂತೆ. ಬೆಳಗಿನಿಂದ ಇದ್ದ ಭಯ ಬೀರೂರು ಬರುವ ಹೊತ್ತಿಗೆ ಇಳಿದಿತ್ತು. ಪುಸ್ತಕ ತೆಗೆದು ಮೊದಲ ಪುಟದಿಂದ ಓದಲು ಕೂತೆ.